ಅಪ್ಪ ಮಡಿಯುಟ್ಟು ಬಿಯರ್ ಮಾಡಿದ ವರ್ಷ

ಅಪ್ಪನ ಕೆಲಸ ಹೋದ ವರ್ಷವೇ ನನ್ನ ಬಾಲ್ಯದ ಅತ್ಯಂತ ಸುಖದ ವರ್ಷ. ಹೀಗೆಂದು ಬರೆಯಲು ಈಗಲೂ ಸಂಕೋಚವಾಗುತ್ತದೆ, ಆದರೆ ಸುಳ್ಳು ಬರೆದು ಏನು ಪ್ರಯೋಜನ? ಮಿಷಿಗನ್‌ನ ಕಾರು ಕಂಪನಿಗಳು ಸಾಲಾಗಿ ಜನರನ್ನು ಕೆಲಸದಿಂದ ತೆಗೆಯುತ್ತಿದ್ದ ಕಾಲ ಅದು; ವಿಕ್ಸಮ್ ಊರಿನ ನಮ್ಮ ಬಡಾವಣೆಯಲ್ಲಿ ಆಗ ಒಂದಾದ ಮೇಲೊಂದು ಮನೆಯ ಮುಂದೆ ಮಾರಾಟದ ಬೋರ್ಡು ನೆಡುತ್ತಿದ್ದರು. ನಮ್ಮ ಸ್ಕೂಲ್ ಬಸ್ಸಿನಲ್ಲಿ ಆಗಾಗ ಒಂದೊಂದು ಸೀಟು ಖಾಲಿಯಾಗುತ್ತಿತ್ತು. ಪಕ್ಕದೂರು ನೋವೈನ ದೇವಸ್ಥಾನದಲ್ಲಿ ಚಪ್ಪಲಿ ಬಿಡುತ್ತಲೇ ಅಂಕಲ್‌ಗಳು 'ನಿಮ್ಮಲ್ಲಿ ಎಷ್ಟು ಜನ ಹೋದ್ರು?' ಎಂದು ಪಿಸುದನಿಯಲ್ಲಿ ಕೇಳಿಕೊಳ್ಳುತ್ತಿದ್ದರು. ಅಪ್ಪನೂ ಹೋದವರ ಪಟ್ಟಿಗೆ ಸೇರಿದ. ಹನ್ನೊಂದು ವರ್ಷದ ನನಗೆ ಇದರಲ್ಲಿ ಅರ್ಥವಾದದ್ದು ಇಷ್ಟೇ: ನಾಲ್ಕು ಗಂಟೆಗೆ ಬಸ್ಸಿಳಿದು ಬಂದರೆ ಬಾಗಿಲು ತೆಗೆಯಲು ಅಪ್ಪ ಇರುತ್ತಾನೆ.

ಅದಕ್ಕೆ ಮೊದಲು ಅಪ್ಪ ಎಂದರೆ ನನಗೆ ಗ್ಯಾರೇಜ್ ಬಾಗಿಲಿನ ಸದ್ದು. ಬೆಳಿಗ್ಗೆ ನಾನು ಹೊದಿಕೆಯೊಳಗಿರುವಾಗ ಒಮ್ಮೆ, ಸಂಜೆ ಹೋಮ್‌ವರ್ಕ್ ಮುಗಿಸುವ ಹೊತ್ತಿಗೆ ಒಮ್ಮೆ. ಊಟ ಮಾಡಿ ಮತ್ತೆ ಲ್ಯಾಪ್‌ಟಾಪ್ ತೆರೆಯುತ್ತಿದ್ದ. ಕಾರಿನ ಸೀಟುಗಳ ಡಿಸೈನ್ ಅವನ ಕೆಲಸ. ಲಕ್ಷಾಂತರ ಜನ ಅವನ ಸೀಟಿನ ಮೇಲೆ ಕೂತಿರಬಹುದು, ನಾನು ಅವನ ಪಕ್ಕ ಕೂತದ್ದು ಕಡಿಮೆ. ಕೆಲಸ ಹೋದ ದಿನ ಆಫೀಸಿನವರು ಲ್ಯಾಪ್‌ಟಾಪ್, ಸೆಲ್‌ಫೋನ್ ಎರಡನ್ನೂ ತೆಗೆದುಕೊಂಡು ಒಂದು ರಟ್ಟಿನ ಪೆಟ್ಟಿಗೆ ಕೊಟ್ಟು ಕಳಿಸಿದ್ದರು. ಹೊಸ ಸೆಲ್‌ಫೋನ್ ಈಗ ಬೇಡ ಎಂದು ಅಮ್ಮ ತೀರ್ಮಾನಿಸಿದಳು. ಅಡುಗೆಮನೆಯ ಗೋಡೆಗೆ ನೇತುಹಾಕಿದ್ದ ಫೋನೇ ಅಪ್ಪನ ಆಫೀಸಾಯಿತು. ಅಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದವಳು ಡಬಲ್ ಶಿಫ್ಟ್ ಹಿಡಿದಳು. ಆರು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದ ಅಜ್ಜಿ, ಅಪ್ಪನ ಅಮ್ಮ, ಮಗನನ್ನು ಈ ಸ್ಥಿತಿಯಲ್ಲಿ ಬಿಟ್ಟು ವಿಮಾನ ಹತ್ತುವುದಿಲ್ಲ ಎಂದು ಹಟ ಹಿಡಿದು ವೀಸಾ ಮುಂದುವರಿಸಿಕೊಂಡಳು.

ಎದುರು ಮನೆಯ ರಾನ್ ಅಂಕಲ್ ಅಪ್ಪನ ಕಂಪನಿಯದೇ ಕಾರು ಕಾರ್ಖಾನೆಯಲ್ಲಿ ಅಸೆಂಬ್ಲಿ ಲೈನಿನಲ್ಲಿದ್ದವರು. ಅವರ ಕೆಲಸವೂ ಅದೇ ತಿಂಗಳು ಹೋಗಿತ್ತು. ಅವರ ಮನೆಯ ಬೇಸ್‌ಮೆಂಟಿನಲ್ಲಿ ಬಿಯರ್ ಮಾಡುವ ಸಾಮಾನು ಇತ್ತು. ಒಂದು ದೊಡ್ಡ ಸ್ಟೀಲ್ ಪಾತ್ರೆ, ಕುತ್ತಿಗೆ ಸಣ್ಣಗಿರುವ ಐದು ಗ್ಯಾಲನ್ನಿನ ಗಾಜಿನ ಬುಡ್ಡಿ, ರಬ್ಬರ್ ಕೊಳವೆಗಳು, ಬಿಯರ್ ಎಷ್ಟು ಹದವಾಗಿದೆ ಎಂದು ಅಳೆಯಲು ತೇಲಿಬಿಡುವ ಗಾಜಿನ ಕಡ್ಡಿ. ಹಳೆಯದೊಂದು ಜೊತೆಯನ್ನು ಅಪ್ಪನಿಗೆ ಕೊಟ್ಟು, ಸುಮ್ಮನೆ ಕೂತರೆ ತಲೆ ಕೆಡುತ್ತದೆ, ಇದನ್ನು ಮಾಡು ಎಂದರು. ಕಾಲೇಜಿನಲ್ಲಿ ಗೆಳೆಯರ ಬಲವಂತಕ್ಕೆ ಎರಡು ಗುಟುಕು ಕುಡಿದು ಹೆದರಿ ಓಡಿಬಂದಿದ್ದ ನನ್ನ ಅಪ್ಪ, ಕುಡಿಯುವ ಆಸೆಗಲ್ಲ, ಏನಾದರೊಂದು ಮಾಡಿ ಮುಗಿಸಬೇಕೆಂಬ ಆಸೆಗೆ ಬಿಯರ್ ಮಾಡಲು ಕೂತ.

ಮೊದಲ ಸಲದ್ದು ಕೆಟ್ಟು ಹುಳಿಯಾಯಿತು. ಎರಡನೆಯದೂ ಹಾಗೆಯೇ ಆಯಿತು. ಅಪ್ಪ ಅದನ್ನು ಬಟ್ಟೆ ಒಗೆಯುವ ಸಿಂಕಿಗೆ ಚೆಲ್ಲುತ್ತಿದ್ದಾಗ ಅಜ್ಜಿ ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ಕಾಣಿಸಿಕೊಂಡಳು. ಮೂರನೆಯ ಮೆಟ್ಟಿಲು ಅವಳ ಗಡಿ. ಕೆಳಗೆ ವಾಷಿಂಗ್ ಮೆಷೀನ್, ಹಳೇ ಶೂಗಳು, ಎಲ್ಲ ಮೈಲಿಗೆ ಎಂದು ಅವಳು ಮುಂದೆ ಇಳಿಯುತ್ತಿರಲಿಲ್ಲ.

'ಏನೋ ರಘು, ಹಳಸಿದ ವಾಸನೆ?'

'ಬಾರ್ಲಿ ಕಷಾಯ ಅಮ್ಮ. ಆರೋಗ್ಯಕ್ಕೆ ಒಳ್ಳೇದು ಅಂತ ರಾನ್ ಹೇಳಿದ್ರು. ಕೆಟ್ಟೋಯ್ತು.'

'ಕೆಡದೆ ಇನ್ನೇನಾಗತ್ತೆ? ಕಸದ ಬುಟ್ಟಿ ಮುಟ್ಟಿದ ಕೈಲೇ ಸೌಟು ಹಿಡ್ಕೊಂಡಿದ್ದೆ, ಇಲ್ಲಿಂದಾನೇ ನೋಡ್ದೆ. ಉಪ್ಪಿನಕಾಯಿ ಜಾಡಿಗೆ ಒದ್ದೆ ಕೈ ಹಾಕಿದ್ರೆ ಚಿಕ್ಕೋನಿದ್ದಾಗ ಏನ್ ಮಾಡ್ತಿದ್ದೆ ನಿಂಗೆ?'

'ಹೊಡೀತಿದ್ದೆ.'

'ಈಗ ನಾಲ್ಕು ಹೊಡೀಬೇಕು. ನೀನು ಏನ್ ಮಾಡ್ತಿದೀಯ ಅಂತ ನಾನು ಕೇಳಲ್ಲ. ನೀನು ಹೇಳ್ಲೂ ಬೇಡ. ಮಾಡೋದಾದ್ರೆ ಮಡೀಲಿ ಮಾಡು.'

ಅಲ್ಲಿಂದ ನಮ್ಮ ಮನೆಯಲ್ಲಿ ಬಿಯರ್ ಮಡಿಯಲ್ಲಿ ಆಗತೊಡಗಿತು. ನಾನು ತಮಾಷೆ ಮಾಡುತ್ತಿಲ್ಲ. ಅಪ್ಪ ತಲೆಗೆ ಸ್ನಾನ ಮಾಡಿ, ಅಜ್ಜಿ ಬೇರೆಯಾಗಿ ಒಗೆದು ಒಣಗಿಸಿದ ಪಂಚೆ ಉಟ್ಟು, ಯಾರನ್ನೂ ಏನನ್ನೂ ಮುಟ್ಟದೆ ಬೇಸ್‌ಮೆಂಟಿಗೆ ಇಳಿಯಬೇಕು. ನಾನು ಸ್ಕೂಲಿನ ಬಟ್ಟೆ ಬದಲಿಸಿ ಕೈಕಾಲು ತೊಳೆದ ಮೇಲೆಯೇ ಅವನ ಹತ್ತಿರ ಹೋಗಬೇಕು. ಉಪ್ಪಿನಕಾಯಿ ಜಾಡಿಯನ್ನು ಬಿಸಿಲಲ್ಲಿ ಒಣಗಿಸುತ್ತಾರಲ್ಲ, ಮಿಷಿಗನ್‌ನಲ್ಲಿ ಬಿಸಿಲೆಲ್ಲಿ ಬಂತು? ಅಜ್ಜಿ ತೊಳೆದ ಬಾಟಲಿಗಳನ್ನೆಲ್ಲ ಓವನ್ನಿನಲ್ಲಿ ಸಾಲಾಗಿ ಮಲಗಿಸಿ ಬಿಸಿ ಮಾಡಿಸಿದಳು. ಒಮ್ಮೆ ರಾನ್ ಅಂಕಲ್ ಇಳಿದು ಬಂದಾಗ ಅಪ್ಪ ಬರಿಮೈಯಲ್ಲಿ, ಜನಿವಾರವನ್ನು ಪಾತ್ರೆಗೆ ತಾಗದಂತೆ ಬೆನ್ನಿಗೆ ಸರಿಸಿಕೊಂಡು, ಕುದಿಯುವ ಪಾತ್ರೆಯ ಮುಂದೆ ನಿಂತಿದ್ದ. ಇದು ಪೂಜೆಯೇ ಎಂದು ಅವರು ಮೆಲ್ಲಗೆ ಕೇಳಿದರು. ಒಂದು ರೀತಿಯಲ್ಲಿ ಹೌದು ಎಂದ ಅಪ್ಪ. ಆಮೇಲೆ ಅವರು ಯಾವಾಗ ಬಂದರೂ ಬೇಸ್‌ಬಾಲ್ ಟೋಪಿ ತೆಗೆದು, ಶೂ ಬಿಟ್ಟು, ಎರಡಡಿ ದೂರ ನಿಲ್ಲುತ್ತಿದ್ದರು. ಮೂರನೆಯ ಸಲದ್ದು ಕೆಡಲಿಲ್ಲ. ಅನಂತರ ಒಂದೂ ಕೆಡಲಿಲ್ಲ.

ಮೊದಲು ಬಂದದ್ದು ಗೋಧಿಯದು. ಬುಡ್ಡಿಯಲ್ಲಿ ಅದು ಹುದುಗಲು ಶುರುವಾದಾಗ ಮನೆಗೆಲ್ಲ ಬಾಳೆಹಣ್ಣು, ಲವಂಗದ ವಾಸನೆ ಹರಡಿತು. ಅಜ್ಜಿ ದೇವರ ಮುಂದಿನಿಂದಲೇ 'ಯಾರೇ ರಸಾಯನ ಮಾಡಿದ್ದು?' ಎಂದು ಕೂಗಿ ಕೇಳಿದಳು. ಆಮೇಲೆ ಸ್ಟೌಟ್ ಎಂಬ ಕಪ್ಪು ಬಿಯರ್. ಅದಕ್ಕೆ ಹಾಕುವ ಬಾರ್ಲಿಯನ್ನು ಕಪ್ಪಾಗುವ ತನಕ ಹುರಿದಿರುತ್ತಾರೆ. ಅದನ್ನು ಪುಡಿ ಮಾಡಿದ ದಿನ ಮನೆ ಕಾಫಿಪುಡಿ ಅಂಗಡಿಯಾಯಿತು. ಪೇಲ್ ಏಲ್ ಎಂಬ ಕಹಿ ಬಿಯರಿಗೆ ಹಾಪ್ಸ್ ಜಾಸ್ತಿ. ಹಾಪ್ಸ್ ಎಂದರೆ ಒಣಗಿದ ಹಸಿರು ಹೂವಿನ ಗುಳಿಗೆಗಳು, ಮೂಸಿದರೆ ಕಿತ್ತಳೆ ಸಿಪ್ಪೆ, ನಾಲಿಗೆಗೆ ಹಾಗಲಕಾಯಿಯ ಅಜ್ಜ. ನನಗೆ ಮೂಸುವ ಹಕ್ಕು ಮಾತ್ರ ಇತ್ತು. ಹಾಪ್ಸ್ ಹಾಕುವ ಮುಂಚೆ, ಬರೀ ಬಾರ್ಲಿಯ ಸಿಹಿ ನೀರು ಕುದಿಯುವಾಗ ಅಜ್ಜಿ ಮಾತ್ರ ಮೂರನೆಯ ಮೆಟ್ಟಿಲಿನಿಂದ ಲೋಟ ಚಾಚುತ್ತಿದ್ದಳು. ಆಲೆಮನೆಯ ನೆನಪಾಗುತ್ತದೆ, ಏಲಕ್ಕಿ ಹಾಕಿದರೆ ಇನ್ನೂ ಚೆನ್ನ ಎನ್ನುತ್ತಿದ್ದಳು. ಮುಂದೆ ಅದು ಏನಾಗುತ್ತದೆ ಎಂದು ಅವಳಿಗೆ ಮೊದಲ ದಿನದಿಂದಲೇ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇರುವುದು ಅವಳು ಮಗನಿಗೆ ಕೊಟ್ಟ ಮರ್ಯಾದೆ.

ಬಿಯರ್ ಎಂಬ ಮಾತನ್ನು ಮನೆಯಲ್ಲಿ ಆಡುವಂತಿರಲಿಲ್ಲ. ಎಲ್ಲ ಕಷಾಯವೇ. ಯಾವಾಗ ಕುದಿಸಿದ್ದು, ಎಷ್ಟು ಡಿಗ್ರಿ, ಎಷ್ಟು ಹೊತ್ತು ಎಂದು ಬರೆದಿಡುವ ನೋಟ್‌ಬುಕ್ ನನ್ನ ವಶದಲ್ಲಿತ್ತು. ಅಜ್ಜಿ ನನಗೆ ಕನ್ನಡ ಅಕ್ಷರ ತಿದ್ದಿಸಿದ್ದು ಆ ವರ್ಷವೇ. ನಾನು ಮೊದಲು ಕೂಡಿಸಿ ಬರೆದ ಮಾತುಗಳು ಗೋಧಿ ಕಷಾಯ, ಕರಿ ಕಷಾಯ, ಕಹಿ ಕಷಾಯ. ಒತ್ತಕ್ಷರವಿಲ್ಲದ ಹೆಸರುಗಳನ್ನೇ ಅಜ್ಜಿ ಆರಿಸಿಕೊಡುತ್ತಿದ್ದಳು. ಮಾಡಿದ್ದರಲ್ಲಿ ಅಪ್ಪ ಕುಡಿಯುತ್ತಿದ್ದದ್ದು ಶನಿವಾರ ಸಂಜೆ ರಾನ್ ಅಂಕಲ್ ಜೊತೆ ಅರ್ಧ ಗ್ಲಾಸು. ಉಳಿದದ್ದು ಕೆಲಸ ಹೋದ ಗೆಳೆಯರ ಮನೆಗಳಿಗೆ ಹೋಗುತ್ತಿತ್ತು. ಬಾಟಲಿ ಕೊಟ್ಟು, ಬಾಗಿಲಲ್ಲೇ ನಿಂತು ಒಂದು ಗಂಟೆ ಮಾತಾಡಿ ಬರುತ್ತಿದ್ದ. ನಾನು ಕಾರಿನಲ್ಲಿ ಕೂತು ಕಾಯುತ್ತಿದ್ದೆ. ದಾರಿಯುದ್ದಕ್ಕೂ ಅವನು ನನಗೆ ಯೀಸ್ಟ್ ಏನು ತಿನ್ನುತ್ತದೆ, ಗುಳ್ಳೆ ಯಾಕೆ ಬರುತ್ತದೆ ಎಂದು ಹೇಳುತ್ತಿದ್ದ. ಅಷ್ಟು ಮಾತನ್ನು ಅವನು ಆವರೆಗೆ ನನ್ನ ಜೊತೆ ಆಡಿಯೇ ಇರಲಿಲ್ಲ.

ಅಮ್ಮನಿಗೆ ಇದು ಸುಖದ ವರ್ಷವಾಗಿರಲಿಲ್ಲ. ಆ ಜಗಳ ನೆನಪಿದೆ.

'ರೀ, ಶುಕ್ರವಾರ ಅರಿಶಿನ ಕುಂಕುಮಕ್ಕೆ ಜನ ಬರ್ತಾರೆ. ಮನೆ ಬಾರ್ ಥರ ನಾರ್ತಿದೆ.'

'ರಸಾಯನ ಅಂತ ಹೇಳು. ನಮ್ಮಮ್ಮಾನೇ ನಂಬಿದಾರೆ.'

'ಜೋಕ್ ಮಾಡ್ಬೇಡಿ. ನಾನು ಹದಿನಾರು ಗಂಟೆ ನಿಂತು ಬರ್ತೀನಿ, ನೀವು ಪಂಚೆ ಉಟ್ಕೊಂಡು ಬಾಟ್ಲಿ ತೊಳೀತಾ ಇರ್ತೀರಿ. ಇವತ್ತು ಎಷ್ಟು ಕಡೆ ಟ್ರೈ ಮಾಡಿದ್ರಿ?'

'ನಾಲ್ಕು ಕಡೆ ಅಪ್ಲೈ ಮಾಡಿದೀನಿ ಕಣೆ.'

ಅದು ನಿಜ. ದಿನವೂ ಮಧ್ಯಾಹ್ನದವರೆಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅಡುಗೆಮನೆಯ ಟೇಬಲ್ಲಿನಲ್ಲಿ ಅರ್ಜಿ ಬರೆಯುತ್ತಿದ್ದ. ಅಮ್ಮನೂ ಕೆಟ್ಟವಳಲ್ಲ, ದಣಿದಿದ್ದಳು. ಆವತ್ತು ಜಗಳ ಮುಗಿಯುವ ಮೊದಲೇ ಸೋಫಾದ ಮೇಲೆ ನಿದ್ದೆಹೋದಳು. ಅಪ್ಪ ಅವಳ ಶೂ ಬಿಚ್ಚಿ, ಕಾಲಿನ ಮೇಲೆ ಶಾಲು ಹೊದಿಸಿ, ಕಿಟಕಿಗಳನ್ನೆಲ್ಲ ತೆರೆದು, ಚಳಿಯಲ್ಲಿ ನಡುಗುತ್ತ ವಾಸನೆ ಹೊರಗೆ ಕಳಿಸಿದ.

ಜನವರಿಯಲ್ಲಿ ಡೆಸ್ ಪ್ಲೇನ್ಸ್‌ನಿಂದ ಇಂಟರ್‌ವ್ಯೂಗೆ ಕರೆ ಬಂತು. ಶಿಕಾಗೋ ಏರ್‌ಪೋರ್ಟಿನ ಪಕ್ಕದ ಊರು, ಸರಕು ಸಾಗಿಸುವ ಒಂದು ಸಣ್ಣ ಕಂಪನಿ. ಅಪ್ಪ ಹಿಮದಲ್ಲಿ ಡ್ರೈವ್ ಮಾಡಿಕೊಂಡು ಹೋಗಿ, ಮರುದಿನ ಮುಖ ಅರಳಿಸಿಕೊಂಡು ಬಂದ. ಊಟದ ಹೊತ್ತಿಗೆ ಹೇಳಿದ:

'ಪರ್ಮನೆಂಟ್ ಕೆಲಸ. ವಾಲ್ಟ್ ಅಂತ ಬಾಸು, ವಯಸ್ಸಾದವರು. ನಾನು ಈಮೇಲ್ ಮನುಷ್ಯ ಅಲ್ಲ, ತೀರ್ಮಾನ ಆದ್ಮೇಲೆ ಫೋನ್ ಮಾಡ್ತೀನಿ ಅಂದ್ರು.'

'ಐದು ಗಂಟೆ ಡ್ರೈವು,' ಎಂದಳು ಅಮ್ಮ. 'ನಾನು ಕೆಲಸ ಬಿಟ್ಟು ಬರಕ್ಕಾಗಲ್ಲ. ಎಲ್ಲರ ಹೆಲ್ತ್ ಇನ್ಶೂರೆನ್ಸೂ ನನ್ನ ಕೆಲಸದ್ದೇ.'

'ಭಾನುವಾರ ಮಧ್ಯಾಹ್ನ ಹೊರಟ್ರೆ ಶುಕ್ರವಾರ ವಾಪಸ್ ಬರ್ತೀನಿ. ಬೇರೆಯವರು ಮಾಡ್ತಿಲ್ವಾ?'

ನಾನು ಕೇಳಿದೆ: 'ದೆನ್ ಹೂ ವಿಲ್ ಚೆಕ್ ದ ಲಾಗರ್?'

ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಲಾಗರ್ ಎನ್ನುವುದು ತಣ್ಣಗೆ, ನಿಧಾನವಾಗಿ ಆಗುವ ಬಿಯರ್. ಬೇರೆಯವು ಎರಡು ಮೂರು ವಾರಕ್ಕೆ ಮುಗಿದರೆ ಇದು ತಿಂಗಳುಗಟ್ಟಲೆ ಚಳಿಯಲ್ಲಿ ಕೂರಬೇಕು. ಫ್ರಿಜ್ ಬೇಕಾಗುತ್ತದೆ, ನಮ್ಮ ಹತ್ತಿರ ಇನ್ನೊಂದು ಫ್ರಿಜ್ ಇರಲಿಲ್ಲ, ಆದರೆ ಚಳಿಗಾಲದ ಗ್ಯಾರೇಜ್ ಇತ್ತು. ಬುಡ್ಡಿಯನ್ನು ಹಳೇ ರಜಾಯಿಯಲ್ಲಿ ಸುತ್ತಿ ಗ್ಯಾರೇಜಿನ ಒಳಗೋಡೆಗೆ ಒತ್ತಿ ಇಟ್ಟೆವು. ಹೆಚ್ಚು ಚಳಿಯಾಗಿ, ನೀರು ಹೆಪ್ಪುಗಟ್ಟುವ ಮೂವತ್ತೆರಡು ಡಿಗ್ರಿ ಫ್ಯಾರನ್‌ಹೀಟ್ ಹತ್ತಿರ ಬಂದರೆ ಪಕ್ಕದಲ್ಲಿ ಬಲ್ಬು ಉರಿಸಬೇಕು, ಬಿಸಿಯಾದರೆ ರಜಾಯಿ ಸಡಿಲಿಸಬೇಕು. ಬೆಳಿಗ್ಗೆ ಬಸ್ಸಿಗೆ ಮುಂಚೆ, ಸಂಜೆ ಬಸ್ಸಿಳಿದ ಮೇಲೆ ಥರ್ಮಾಮೀಟರ್ ನೋಡಿ ಬರೆಯುವುದು ನನ್ನ ಕೆಲಸ, ಹಗಲೆಲ್ಲ ನೋಡಿಕೊಳ್ಳುವುದು ಅಪ್ಪನದು. ಇಬ್ಬರೂ ಉಣ್ಣೆ ಟೋಪಿ ಹಾಕಿಕೊಂಡು ಬುಡ್ಡಿಯ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದೆವು. ಅದು ತಿಳಿಯಾಗುತ್ತ ಬರುವುದನ್ನು ನೋಡುತ್ತ ಅಪ್ಪ ತನ್ನ ಬಾಲ್ಯದ ಕಥೆ ಹೇಳುತ್ತಿದ್ದ. ನಾನು ಆ ತಿಂಗಳು ದೇವಸ್ಥಾನದಲ್ಲಿ ಬಾಲಾಜಿಯ ಮುಂದೆ ಕಣ್ಣು ಮುಚ್ಚಿ, ವಾಲ್ಟ್ ಫೋನ್ ಮಾಡದಿರಲಿ ಎಂದು ಬೇಡಿಕೊಂಡೆ. ಪಕ್ಕದಲ್ಲೇ ಅಮ್ಮ, ಮಾಡಲಿ ಎಂದು ಬೇಡಿಕೊಳ್ಳುತ್ತಿದ್ದಳು.

ದೇವರು ಅಮ್ಮನ ಮಾತು ಕೇಳಿದ. ಫೆಬ್ರವರಿಯ ಒಂದು ಮಂಗಳವಾರ ನಾನು ಗ್ಯಾರೇಜಿನಿಂದ ಥರ್ಮಾಮೀಟರ್ ನೋಡಿ ಒಳಗೆ ಬರುತ್ತಿದ್ದೆ, ಫೋನ್ ಬಡಿದುಕೊಂಡಿತು. ಅಪ್ಪ ಖಾಲಿ ಬಾಟಲಿ ತರಲು ಎದುರು ಮನೆಗೆ ಹೋಗಿದ್ದ. ಅಜ್ಜಿ ಕೋಣೆಯಲ್ಲಿ ಜಪ ಮಾಡುತ್ತಿದ್ದಳು, ಇಂಗ್ಲಿಷಿಗೆ ಹೆದರಿ ಅವಳು ಫೋನ್ ಮುಟ್ಟುತ್ತಲೇ ಇರಲಿಲ್ಲ. ನಾನು ಎತ್ತಿದೆ. ತುಂಬ ಮೃದುವಾದ, ವಯಸ್ಸಾದ ಗಂಡಸಿನ ದನಿ. ತಾನು ವಾಲ್ಟ್, ನಿನ್ನ ಅಪ್ಪನಿಗೆ ಒಳ್ಳೆಯ ಸುದ್ದಿ ಇದೆ, ಶುಕ್ರವಾರದೊಳಗೆ ಫೋನ್ ಮಾಡಲು ಹೇಳಮ್ಮ ಎಂದರು. ಅಭ್ಯಾಸಬಲದಿಂದ ನನ್ನ ನೋಟ್‌ಬುಕ್ಕಿನಲ್ಲೇ ಬರೆದುಕೊಂಡೆ: ವಾರ, ಗಂಟೆ, ಹೆಸರು, ನಂಬರ್. ಆಮೇಲೆ ಆ ಹಾಳೆ ಹರಿದು, ನಾಲ್ಕು ಮಡಿಕೆ ಮಾಡಿ, ನನ್ನ ಕಾಲುಚೀಲಗಳ ಡ್ರಾಯರಿನಲ್ಲಿ ಇಟ್ಟೆ.

ಮುಚ್ಚಿಡಬೇಕೆಂದು ಮುಚ್ಚಿಟ್ಟದ್ದಲ್ಲ. ಲಾಗರಿಗೆ ಇನ್ನು ಮೂರು ವಾರ ಬೇಕಿತ್ತು. ಅದು ಆದ ಕೂಡಲೇ ಕೊಡುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಎರಡು ತಿಂಗಳು ಕಾಯುವುದು ಒಳ್ಳೆಯದಕ್ಕೇ ಎಂದು ಅಪ್ಪನೇ ನನಗೆ ಕಲಿಸಿದ್ದ. ವಾಲ್ಟ್ ಮೂರು ವಾರ ಕಾಯಲಾರರೇ ಎಂದುಕೊಂಡೆ. ಶುಕ್ರವಾರ ಎಂದರೆ ಶುಕ್ರವಾರವೇ ಎಂದು ಗೊತ್ತಾಗುವಷ್ಟು ದೊಡ್ಡವಳಾಗಿದ್ದೆ, ಗೊತ್ತಿಲ್ಲವೆಂದು ನಟಿಸುವಷ್ಟು ಚಿಕ್ಕವಳೂ ಆಗಿದ್ದೆ.

ಅಪ್ಪ ಕಾಯುತ್ತಿದ್ದ. ಫೋನ್ ಒಮ್ಮೆ ಬಡಿದರೆ ಸಾಕು, ಎಲ್ಲಿದ್ದರೂ ಓಡಿಬಂದು, ಉಸಿರು ಹಿಡಿದು, ಆಫೀಸಿನ ದನಿಯಲ್ಲಿ ಹಲೋ ಎನ್ನುತ್ತಿದ್ದ. ಕಾರ್ಪೆಟ್ ತೊಳೆಯುವವರು, ದೇವಸ್ಥಾನದ ಚಂದಾ ಕೇಳುವವರು, ಅಮ್ಮನ ಆಸ್ಪತ್ರೆಯವರು. ಒಂದು ವಾರವಾದ ಮೇಲೆ ಇಸ್ತ್ರಿ ಅಂಗಿ ಹಾಕುವುದನ್ನು ಬಿಟ್ಟ. ಎರಡನೆಯ ವಾರ ಗಡ್ಡ ಹಾಗೇ ಬಿಟ್ಟ. ಗ್ಯಾರೇಜಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ, ಆದರೆ ಕಥೆ ನಿಂತುಹೋಯಿತು. ನಾನು ಥರ್ಮಾಮೀಟರ್ ಓದಿ ಹೇಳಿದರೆ 'ಹ್ಞಾ' ಎನ್ನುತ್ತಿದ್ದ. ಅಮ್ಮ ಎಷ್ಟು ಕಡೆ ಅಪ್ಲೈ ಮಾಡಿದಿರಿ ಎಂದು ಕೇಳುವುದನ್ನು ನಿಲ್ಲಿಸಿದಳು. ಅದು ಜಗಳಕ್ಕಿಂತ ಕೆಟ್ಟದಾಗಿತ್ತು.

ಮೂರನೆಯ ವಾರದ ಒಂದು ಮಧ್ಯಾಹ್ನ ಸ್ಕೂಲಿನಿಂದ ಬಂದೆ. ಬಾಗಿಲು ತೆಗೆದವಳು ಅಜ್ಜಿ. ಬೇಸ್‌ಮೆಂಟಿನ ಕಡೆ ಕಣ್ಣಲ್ಲೇ ತೋರಿಸಿದಳು. ಅಪ್ಪ ಸ್ನಾನ ಮಾಡಿ, ಪಂಚೆ ಉಟ್ಟು, ಕವುಚಿದ ಬಕೆಟ್ಟಿನ ಮೇಲೆ ಕೂತಿದ್ದ. ಬಾರ್ಲಿ ಅಳೆದಿಟ್ಟಿತ್ತು, ಪಾತ್ರೆಯಲ್ಲಿ ನೀರಿತ್ತು, ಒಲೆ ಹಚ್ಚಿರಲಿಲ್ಲ. ಬೆಳಿಗ್ಗೆಯಿಂದ ಹಾಗೇ ಕೂತಿದ್ದನಂತೆ.

'ಅಪ್ಪಾ? ವಾಟ್ ಹ್ಯಾಪನ್ಡ್?'

'ಏನಿಲ್ಲ ಪುಟ್ಟಿ. ಯಾಕೋ ಕೈ ಓಡ್ತಿಲ್ಲ. ನಲವತ್ತೈದು ವರ್ಷದೋನು ಯಾರಿಗೆ ಬೇಕು, ಅಲ್ವಾ?'

ನಾನು ಮನೆಯಲ್ಲಿ ಉಳಿಸಿಕೊಳ್ಳಬೇಕೆಂದಿದ್ದ ಅಪ್ಪ ಇವನಲ್ಲ. ಆ ಅಪ್ಪನನ್ನು ನಾನೇ ನಾಲ್ಕು ಮಡಿಕೆ ಮಾಡಿ ಡ್ರಾಯರಿನಲ್ಲಿ ಇಟ್ಟಿದ್ದೆ. ಮೆಟ್ಟಿಲು ಹತ್ತಿ ಓಡಿದೆ. ಹಾಳೆ ತಂದು ಅವನ ಕೈಯಲ್ಲಿಟ್ಟು, ಗೋಡೆಗೆ ಒತ್ತಿ ನಿಂತೆ. ಮಡಿಯಲ್ಲಿದ್ದವನನ್ನು ಸ್ಕೂಲಿನ ಬಟ್ಟೆಯಲ್ಲೇ ಮುಟ್ಟಿದ್ದೆ, ಅದು ಇಬ್ಬರಿಗೂ ನೆನಪಾಗಲಿಲ್ಲ.

ಅಪ್ಪ ಓದಿದ. ಮತ್ತೆ ಓದಿದ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆದರೆ ಒಳ್ಳೆಯದು ಎಂದೂ ಅನಿಸಿತು.

'ಮೂವತ್ತಾರು ಡಿಗ್ರಿ,' ಎಂದ. ವಾಲ್ಟ್‌ನ ನಂಬರಿನ ಕೆಳಗೆ, ನನಗೇ ತಿಳಿಯದ ಹಾಗೆ, ಆವತ್ತಿನ ಲಾಗರಿನ ಡಿಗ್ರಿಯನ್ನೂ ಬರೆದುಬಿಟ್ಟಿದ್ದೆ. ಅಪ್ಪ ನಗಲು ಹೋದ, ಆಗಲಿಲ್ಲ, ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡ.

'ಐ ವಾಸ್ ಗೋಯಿಂಗ್ ಟು ಟೆಲ್ ಯು. ಲಾಗರ್ ಆದ್ಮೇಲೆ. ಐ ಡಿಡಂಟ್ ವಾಂಟ್ ಯು ಟು ಗೋ.' ಅಷ್ಟು ಹೇಳುವಷ್ಟರಲ್ಲಿ ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ.

ಅಪ್ಪ ನನ್ನನ್ನು ಹತ್ತಿರ ಕರೆದು ಪಕ್ಕದ ಬಾರ್ಲಿ ಮೂಟೆಯ ಮೇಲೆ ಕೂರಿಸಿಕೊಂಡ. ಹಾಳೆಯನ್ನು ಮೊಣಕಾಲ ಮೇಲೆ ಬಿಡಿಸಿಟ್ಟು ಹೇಳಿದ:

'ಅವ್ರ ನಂಬರ್ ನನ್ನ ಹತ್ರಾನೂ ಇತ್ತು ಪುಟ್ಟಿ. ಪರ್ಸಲ್ಲೇ ಕಾರ್ಡ್ ಇದೆ. ದಿನಾ ತೆಗೆದು ನೋಡ್ತಿದ್ದೆ. ಒಂದು ಫೋನ್ ಮಾಡಿ, ಏನಾಯ್ತು ಅಂತ ಕೇಳ್ಬಹುದಿತ್ತು. ಕೇಳ್ಲಿಲ್ಲ.'

'ಯಾಕೆ?'

'ಇಲ್ಲ ಅಂದ್ಬಿಟ್ರೆ ಅಂತ ಒಂದು ಭಯ. ಹೂಂ ಅಂದ್ಬಿಟ್ರೆ ಅಂತ ಇನ್ನೊಂದು.' ನನ್ನ ತಲೆಯ ಮೇಲೆ ಕೈಯಿಟ್ಟ. 'ನಂಗೂ ಹೋಗಕ್ಕೆ ಇಷ್ಟ ಇರ್ಲಿಲ್ಲ ಕಣೆ. ಅದು ತಪ್ಪು. ನೀನು ಮಾಡಿದ್ದೂ ತಪ್ಪು. ಬಾ, ಇಬ್ರೂ ಹೋಗಿ ಫೋನ್ ಮಾಡೋಣ.'

ಮೇಲೆ ಬಂದು ಪಂಚೆಯ ಮೇಲೆಯೇ ಇಸ್ತ್ರಿ ಅಂಗಿ ತೊಟ್ಟು, ಕುತ್ತಿಗೆಯವರೆಗೂ ಗುಂಡಿ ಹಾಕಿಕೊಂಡ. ನಂಬರ್ ಒತ್ತಲು ನನಗೆ ಹೇಳಿದ. ನಾನು ಹಾಳೆ ನೋಡಿ ಒಂದೊಂದೇ ಅಂಕಿ ಒತ್ತಿದೆ. ಅಪ್ಪ ಮೊದಲು ಕ್ಷಮೆ ಕೇಳಿದ: ಮೆಸೇಜು ಬಂದಿತ್ತು, ತಾನೇ ಗಮನಿಸಲಿಲ್ಲ, ತಪ್ಪು ತನ್ನದು ಎಂದ. ಅಮ್ಮನಿಗೂ ಅದನ್ನೇ ಹೇಳಿದ, ಅವಳ ಬೈಗುಳವನ್ನೆಲ್ಲ ತಲೆ ತಗ್ಗಿಸಿ ಕೇಳಿಕೊಂಡ. ನಿಜವನ್ನು ನಾನು ಅಮ್ಮನಿಗೆ ಹೇಳಲು ಹಲವು ವರ್ಷ ಬೇಕಾದವು. ಆದರೆ ಆ ಮಧ್ಯಾಹ್ನ ನಾನು ನೋಡುತ್ತಿದ್ದದ್ದು ಅಪ್ಪನ ಮುಖವನ್ನು ಮಾತ್ರ. ಅದು ಮೊದಲು ಇಳಿಯಿತು. ಪರ್ಮನೆಂಟ್ ಕೆಲಸವನ್ನು ಇನ್ನೊಬ್ಬರಿಗೆ ಕೊಟ್ಟು ಒಂದು ವಾರವಾಗಿತ್ತು. ಆಮೇಲೆ ಅಪ್ಪ ನೆಟ್ಟಗೆ ಕೂತ. ಗೋದಾಮಿನ ಲೆಕ್ಕ ನೋಡಲು ಆರು ತಿಂಗಳ ಕಾಂಟ್ರ್ಯಾಕ್ಟ್ ಕೆಲಸವೊಂದಿದೆ, ಸಣ್ಣದು, ನಿನಗೆ ಕೊಡಲು ಸಂಕೋಚವಾಗುತ್ತದೆ ಎಂದರಂತೆ ವಾಲ್ಟ್. ಬೇಕು ಎಂದ ಅಪ್ಪ. ನಾನು ಅವನಿಂದ ಕಿತ್ತುಕೊಂಡದ್ದು ಏನೆಂದು ಆಗಲೇ, ಅಲ್ಲೇ, ಪೂರ್ತಿ ಅರ್ಥವಾಯಿತು. ಅದರ ಭಾರ ನನ್ನ ಮೈಮೇಲೆ ಈಗಲೂ ಇದೆ.

ಯಾವಾಗ ಬರುತ್ತೀ ಎಂದು ಆ ಕಡೆಯಿಂದ ಕೇಳಿರಬೇಕು. ಅಪ್ಪ ಫೋನಿನ ಮೇಲೆ ಅಂಗೈ ಮುಚ್ಚಿ ನನ್ನ ಕಡೆ ತಿರುಗಿದ.

'ಸೋಮವಾರ ಬರ್ತೀನಿ ಅನ್ಲಾ ಪುಟ್ಟಿ?'

ಬೇರೆ ಉತ್ತರವಿಲ್ಲ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಕಾದ. ಐದು ಗಂಟೆಯ ದಾರಿಯಾಚೆ ಒಬ್ಬ ಮುದುಕನನ್ನು ಕಾಯಿಸಿ, ನನ್ನ ಬಾಯಿಂದ ಬರುವವರೆಗೆ ಕಾದ.

'ಹೂಂ ಅಪ್ಪ,' ಎಂದೆ. 'ಸೋಮವಾರ ಅನ್ನು.'

ಅಪ್ಪ ಫೋನಿನ ಮೇಲಿಂದ ಕೈ ತೆಗೆದ.